ಮೂಲೆಯ ಕುರ್ಚಿಯಿಂದ ಇಂಟರ್ನ್‌ನ ಎಬ್ಬಿಸಿ: ರೇಡಿಯೋ ಕೇಂದ್ರಗಳಿಗೆ ಒಂದು ಬಹಿರಂಗ ಪತ್ರ

ರೇಡಿಯೋ ಕೇಂದ್ರಗಳನ್ನು ನಡೆಸುವ ಹಿರಿಯರಿಗೆ, ಅಲ್ಲಿಗೆ ವಿದ್ಯಾರ್ಥಿಗಳನ್ನು ಇಂಟರ್ನ್‌ಶಿಪ್‌ಗೆ ಕಳಿಸುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ,

ನಮಸ್ಕಾರ.

ಕಳೆದ ತಿಂಗಳು ನಮ್ಮ ಕೇಂದ್ರಕ್ಕೆ ಒಬ್ಬ ಹುಡುಗಿ ಇಂಟರ್ನ್ ಆಗಿ ಬಂದಳು. ಡಿಗ್ರಿ ಕೊನೆಯ ವರ್ಷ. ಮೊದಲ ದಿನ ಅವಳಿಗೆ ಸ್ಟುಡಿಯೋ ತೋರಿಸಿದೆ. ಹೆಡ್‌ಫೋನ್ ಕೊಟ್ಟೆ. "ಎರಡು ದಿನ ಸುಮ್ನೆ ನೋಡ್ತಾ ಇರಮ್ಮ" ಎಂದು ಮೂಲೆಯಲ್ಲಿದ್ದ ಕುರ್ಚಿಯಲ್ಲಿ ಕೂರಿಸಿದೆ. ಎರಡು ದಿನ ಅಂದದ್ದು ಒಂಬತ್ತು ದಿನವಾಯಿತು. ಹತ್ತನೆಯ ದಿನ ಅವಳು ನೋಟ್‌ಬುಕ್ಕಿನಲ್ಲಿ ಏನೋ ಗೀಟು ಹಾಕುತ್ತಿದ್ದಳು. ಬಗ್ಗಿ ನೋಡಿದೆ. ನಮ್ಮ ಆರ್‌ಜೆ ಒಂದು ಗಂಟೆಯಲ್ಲಿ ಎಷ್ಟು ಸಲ "ಓಕೆ" ಅನ್ನುತ್ತಾರೆ ಎಂದು ಲೆಕ್ಕ ಇಡುತ್ತಿದ್ದಳು. 43 ಸಲ.

ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಕೆಲವು ವರ್ಷಗಳ ಹಿಂದೆ ಬೇರೊಂದು ಕೇಂದ್ರದಲ್ಲಿ ಇಂಥದ್ದೇ ಕುರ್ಚಿಯಲ್ಲಿ ನಾನೂ ಕೂತಿದ್ದೆ. ನನಗೂ "ನೋಡ್ತಾ ಇರಿ" ಅಂದಿದ್ದರು. ಏನು ನೋಡಬೇಕು ಎಂದು ಯಾರೂ ಹೇಳಿರಲಿಲ್ಲ. ಪೆನ್ ಡ್ರೈವ್ ಹೊತ್ತು ಆ ರೂಮಿನಿಂದ ಈ ರೂಮಿಗೆ ಓಡಾಡಿದೆ. ಝೆರಾಕ್ಸ್ ಮಾಡಿಸಿದೆ. ಮೂರನೆಯ ವಾರ ಒಬ್ಬ ಪ್ರೊಡ್ಯೂಸರ್ ಮೇಡಂ ಕಣ್ಣಿಗೆ ಬೀಳದೇ ಹೋಗಿದ್ದರೆ ನನ್ನ ಇಂಟರ್ನ್‌ಶಿಪ್ ಅಷ್ಟರಲ್ಲೇ ಮುಗಿಯುತ್ತಿತ್ತು. ಈ ಪತ್ರವನ್ನು ಅರ್ಧ ನಿಮಗೆ ಬರೆಯುತ್ತಿದ್ದೇನೆ, ಅರ್ಧ ನನಗೆ ನಾನೇ ಬರೆದುಕೊಳ್ಳುತ್ತಿದ್ದೇನೆ.

ನಾನು ಕೇಳುವುದು ಹೆಚ್ಚೇನಿಲ್ಲ. ಇಂಟರ್ನ್‌ಗೆ ಮೊದಲ ವಾರದಿಂದಲೇ ಒಂದು ಕೆಲಸ ಕೊಡಿ. ಚಿಕ್ಕದಾದರೂ ಪರವಾಗಿಲ್ಲ, ಆದರೆ ಅದಕ್ಕಾಗಿ ಯಾರೋ ಒಬ್ಬರು ಕಾಯುತ್ತಿರಬೇಕು. ವಾರಕ್ಕೊಮ್ಮೆ ಅವರು ಮಾಡಿದ್ದರ ರೆಕಾರ್ಡಿಂಗ್ ಹಾಕಿಕೊಂಡು ಹತ್ತು ನಿಮಿಷ ಜೊತೆಯಲ್ಲಿ ಕೂರಿ.

ರೆಕಾರ್ಡಿಂಗ್ ಯಾಕೆ ಅಂದಿರಾ? ಬೇರೆ ಆಫೀಸುಗಳಲ್ಲಿ ಹೊಸಬರು ತಪ್ಪು ಮಾಡಿದರೆ ಅದರ ಬಗ್ಗೆ ಮಾತು ಮಾತ್ರ ಉಳಿಯುತ್ತದೆ. ನೀನು ಹೀಗಂದೆ, ಇಲ್ಲ ನಾನು ಹಾಗನ್ನಲಿಲ್ಲ. ನಮ್ಮಲ್ಲಿ ಹಾಗಲ್ಲ. ಪ್ರಸಾರವಾದ ಪ್ರತಿ ಮಾತೂ, ಪ್ರತಿ ಮೌನವೂ ಲಾಗರ್‌ನಲ್ಲಿ, ಅಂದರೆ ಪ್ರಸಾರವನ್ನೆಲ್ಲ ತಾನೇ ರೆಕಾರ್ಡ್ ಮಾಡಿಡುವ ಯಂತ್ರದಲ್ಲಿ, ಕೂತಿರುತ್ತದೆ, ಸೆಕೆಂಡಿನ ಲೆಕ್ಕದಲ್ಲಿ. ಅನೇಕ ದೇಶಗಳಲ್ಲಿ ಇದನ್ನು ಇಂತಿಷ್ಟು ದಿನ ಇಟ್ಟುಕೊಳ್ಳಲೇಬೇಕು ಎಂಬ ನಿಯಮವಿದೆ. ಬ್ರಿಟನ್ನಿನಲ್ಲಿ ರೇಡಿಯೋ ಕೇಂದ್ರಗಳು 42 ದಿನ ಇಡಬೇಕು. ಯಾರಾದರೂ ದೂರು ಕೊಟ್ಟರೆ ತೆಗೆದು ಕೇಳುವುದಕ್ಕೆ ಇರುವ ವ್ಯವಸ್ಥೆ ಅದು. ಅಂದರೆ ಕಲಿಸುವುದಕ್ಕೆ ಇಷ್ಟು ಒಳ್ಳೆಯ ಸಾಮಾನು ನಮ್ಮ ಕೈಯಲ್ಲೇ ಇದೆ, ಅದನ್ನು ನಾವು ಜಗಳ ಬಂದಾಗ ಮಾತ್ರ ತೆಗೆಯುತ್ತೇವೆ.

ನನ್ನದೇ ಒಂದು ಕಥೆ ಹೇಳುತ್ತೇನೆ.

ರೇಡಿಯೋದಲ್ಲಿ ಗಂಟೆಯನ್ನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಗಂಟೆಗೆ ಸರಿಯಾಗಿ ವಾರ್ತೆ ಶುರು. ಅದು ಯಾರಿಗೂ ಕಾಯುವುದಿಲ್ಲ. ಅದಕ್ಕೂ ಮೊದಲು 10 ಸೆಕೆಂಡು ಕೇಂದ್ರದ ಹೆಸರು, 30 ಸೆಕೆಂಡಿನ ಪ್ರೋಮೋ, ಒಂದು ನಿಮಿಷ ಜಾಹೀರಾತು. ಒಟ್ಟು 100 ಸೆಕೆಂಡು. ಹಾಗಾದರೆ ಹಾಡು 58 ನಿಮಿಷ 20 ಸೆಕೆಂಡಿಗೆ ಮುಗಿದಿರಬೇಕು. ಹಾಡಿನ ಉದ್ದ 3 ನಿಮಿಷ 40 ಸೆಕೆಂಡು. ಯಾವಾಗ ಶುರು ಮಾಡಬೇಕು?

ನಾನು ಮೊಬೈಲಿನ ಕ್ಯಾಲ್ಕ್ಯುಲೇಟರ್ ತೆಗೆದು 58.20ರಲ್ಲಿ 3.40 ಕಳೆದೆ. 54.80 ಬಂತು. 80 ಸೆಕೆಂಡು ಅಂದರೆ ಒಂದು ನಿಮಿಷ ಇಪ್ಪತ್ತು ಸೆಕೆಂಡು, ಹಾಗಾಗಿ 55 ನಿಮಿಷ 20 ಸೆಕೆಂಡು ಎಂದು ಕ್ಯೂ ಶೀಟಿನಲ್ಲಿ (ಯಾವುದು ಯಾವಾಗ ಹೋಗಬೇಕು ಎಂದು ಬರೆದಿಡುವ ಹಾಳೆ) ನೀಟಾಗಿ ಬರೆದೆ. ನಿಮಿಷಕ್ಕೆ 60 ಸೆಕೆಂಡು ಅಂತ ನನಗೆ ಗೊತ್ತಿತ್ತು. ಕ್ಯಾಲ್ಕ್ಯುಲೇಟರಿಗೆ ಅದು ಗೊತ್ತಿಲ್ಲ ಅನ್ನುವುದು ಮಾತ್ರ ಹೊಳೆಯಲಿಲ್ಲ. ಸರಿಯಾದ ಉತ್ತರ 54 ನಿಮಿಷ 40 ಸೆಕೆಂಡು. ನಾನು ಪೂರ್ತಿ 40 ಸೆಕೆಂಡು ತಡ.

ಹಾಡಿನ ಕೊನೆಯ ಚರಣದ ನಡುವೆ, ಗಾಯಕಿ ಉಸಿರು ತೆಗೆದುಕೊಂಡ ಜಾಗದಲ್ಲೇ, ಕನ್ಸೋಲ್ ಮುಂದಿದ್ದ ಆಪರೇಟರ್ ಫೇಡರ್ ಎಳೆದು ಹಾಡಿನ ಸದ್ದು ಇಳಿಸಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಜಾಹೀರಾತು ಹೋಯಿತು, ಪ್ರೋಮೋ ಹೋಯಿತು, ವಾರ್ತೆ ಸಮಯಕ್ಕೆ ಬಂತು. ಕೇಳುಗರಲ್ಲಿ ಬಹಳ ಜನಕ್ಕೆ ಗೊತ್ತೂ ಆಗಿರಲಿಕ್ಕಿಲ್ಲ. ನನಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮಧ್ಯಾಹ್ನ ಮೇಡಂ ಕರೆದರು. ನಾನು ದಾರಿಯಲ್ಲೇ ಮೂರು ನೆಪ ಜೋಡಿಸಿಕೊಂಡು ಹೋಗಿದ್ದೆ. ಅವರು ಬೈಯಲಿಲ್ಲ. ಲಾಗರ್‌ನಿಂದ ಆ ಐದು ನಿಮಿಷ ತೆಗೆದು, ನನಗೊಂದು ಹೆಡ್‌ಫೋನ್ ಕೊಟ್ಟು, ತಾವೊಂದು ಹಾಕಿಕೊಂಡು ಕೂತರು. ಕೇಳಿದ ಮೇಲೆ "ಎಲ್ಲಿ ತಪ್ಪಿತು, ನೀನೇ ಹೇಳು" ಅಂದರು. ನೆಪ ಹೇಳೋಕೆ ಬಾಯಿ ಬರಲಿಲ್ಲ. ಹಾಡು ಶುರುವಾದ ಹೊತ್ತು ಪರದೆಯ ಮೇಲೆ ಕಾಣುತ್ತಿತ್ತಲ್ಲ. ಕ್ಯೂ ಶೀಟು ತೆಗೆದು ತೋರಿಸಿದೆ. ಅವರು ಒಂದು ಪೆನ್ಸಿಲ್ ಕೊಟ್ಟು ಅಂಥದ್ದೇ ಹತ್ತು ಲೆಕ್ಕ ಮಾಡಿಸಿದರು. ಪ್ರೈಮರಿ ಸ್ಕೂಲಿನ ಮಗುವಿನ ತರಹ ಕೂತು ಮಾಡಿದೆ. ಎಲ್ಲ ಸೇರಿ ಹತ್ತೋ ಹನ್ನೆರಡೋ ನಿಮಿಷ ಆಗಿರಬಹುದು.

ಕಾಲೇಜಿನಲ್ಲಿ "ಸಮಯ ಪಾಲನೆ" ಎಂದು ಒಂದು ಪಾಠವೇ ಇತ್ತು. ಅದರ ಒಂದು ಸಾಲೂ ನೆನಪಿಲ್ಲ. ಆ 40 ಸೆಕೆಂಡು ಮಾತ್ರ ಈಗಲೂ ಕಿವಿಯಲ್ಲಿದೆ.

ಗಂಟೆಯ ವಿಷಯ ಬಂತಲ್ಲ, ಇನ್ನೊಂದು ಮಾತು. ಬಿಬಿಸಿಯಲ್ಲಿ ಗಂಟೆಗೆ ಸರಿಯಾಗಿ ಬರುವ ಆರು "ಪಿಪ್" ಶಬ್ದ ಶುರುವಾದದ್ದು 1924ರ ಫೆಬ್ರವರಿ 5ರಂದು. ಈಗ ಮೊದಲ ಐದು ಚಿಕ್ಕವು, ಕೊನೆಯದು ಉದ್ದ. ಆ ಉದ್ದನೆಯದು ಶುರುವಾಗುವ ಕ್ಷಣವೇ ಗಂಟೆ. ಅಲ್ಲಿ ಆ ಪಿಪ್‌ಗಳ ಮೇಲೆ ಮಾತಾಡುವುದು ದೊಡ್ಡ ಮುಜುಗರದ ವಿಷಯ. ಎಷ್ಟು ದೊಡ್ಡ ಹೆಸರಿನವರಾದರೂ ಅದಕ್ಕೆ ಮೊದಲು ಬಾಯಿ ಮುಚ್ಚಬೇಕು. ಸೀನಿಯರ್‌ಗೂ ಇಂಟರ್ನ್‌ಗೂ ಒಂದೇ ಗಡಿಯಾರ. ಕೆಲಸಕ್ಕೆ ಹೊಸದಾಗಿ ಬರುವವರಿಗೆ ಇಷ್ಟು ನ್ಯಾಯವಾದ ಮೇಷ್ಟ್ರು ಬೇರೆಲ್ಲಿ ಸಿಗುತ್ತಾರೆ ಹೇಳಿ. ಅದಕ್ಕೆ ಭೇದಭಾವ ಗೊತ್ತಿಲ್ಲ, ಮುನಿಸೂ ಇಲ್ಲ.

ಇನ್ನು ಫೋನ್. ಇಂಟರ್ನ್‌ಗಳಿಗೆ ಮೈಕ್ ಮುಂದೆ ಕೂರುವ ಆಸೆ ಜಾಸ್ತಿ, ಫೋನ್ ಎತ್ತುವ ಭಯವೂ ಅಷ್ಟೇ ಜಾಸ್ತಿ. ಗುರುತಿಲ್ಲದವರಿಗೆ ಕರೆ ಮಾಡಿ ಮಾತಾಡುವುದು ಈಗಿನ ಹುಡುಗರಿಗೆ ನಿಜವಾಗಿಯೂ ಕಷ್ಟ, ಮೆಸೇಜ್ ಹಾಕಿ ಬಿಡುತ್ತಾರೆ. ನಾನೂ ಹಾಗೇ ಇದ್ದೆ. ಮೊದಲ ಸಲ ಅತಿಥಿಯೊಬ್ಬರನ್ನು ಬುಕ್ ಮಾಡುವಾಗ "ನಾಳೆ ಎಂಟು ಗಂಟೆಗೆ ಸರ್" ಎಂದು ಹೇಳಿ ಇಟ್ಟುಬಿಟ್ಟೆ. ಅವರು ರಾತ್ರಿ ಎಂಟು ಅಂದುಕೊಂಡರು. ಬೆಳಿಗ್ಗೆ ನಾವು ಕರೆದಾಗ ನಿದ್ದೆಯಲ್ಲಿದ್ದರು. ಆ ಹದಿನೈದು ನಿಮಿಷವನ್ನು ಆರ್‌ಜೆ ಒಬ್ಬರೇ ಮಾತಾಡಿ ತುಂಬಿಸಿದರು. ಅಂದಿನಿಂದ ಕರೆ ಮುಗಿಸುವ ಮೊದಲು ದಿನ, ವಾರ, ಬೆಳಿಗ್ಗೆಯೋ ರಾತ್ರಿಯೋ, ಯಾವ ನಂಬರಿಗೆ, ಎಷ್ಟು ನಿಮಿಷ, ಎಲ್ಲವನ್ನೂ ಇನ್ನೊಮ್ಮೆ ಹೇಳಿ, ಅವರ ಬಾಯಿಂದಲೂ ಹೇಳಿಸುತ್ತೇನೆ. ಹೆಸರನ್ನು ಹೇಗೆ ಉಚ್ಚರಿಸಬೇಕು, ಏನೆಂದು ಪರಿಚಯಿಸಬೇಕು ಎಂದು ಕೇಳುತ್ತೇನೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಕೂರುವಂತೆ ಹೇಳುತ್ತೇನೆ. ಇದನ್ನೆಲ್ಲ ಕಲಿತವರು ನಾಳೆ ರೇಡಿಯೋದಲ್ಲೇ ಇರಬೇಕಂತಿಲ್ಲ. ಬ್ಯಾಂಕಿಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಅಲ್ಲೂ ನಡೆಯುತ್ತದೆ.

ಫೈಲ್‌ಗೆ ಹೆಸರಿಡುವುದನ್ನೂ ಹೇಳಿಕೊಡಿ. "ಫೈನಲ್", "ಫೈನಲ್ 2", "ಹೊಸ ಫೈನಲ್", "ಇದೇ ಫೈನಲ್". ನಗಬೇಡಿ, ನಿಮ್ಮ ಕಂಪ್ಯೂಟರಿನಲ್ಲೂ ಇವೆ. ವರ್ಷ, ತಿಂಗಳು, ದಿನ ಇದೇ ಕ್ರಮದಲ್ಲಿ ಮೊದಲು ಬರೆದು ಆಮೇಲೆ ವಿಷಯ ಬರೆದರೆ ಫೈಲ್‌ಗಳು ತಾವೇ ಸಾಲಾಗಿ ನಿಲ್ಲುತ್ತವೆ. ಐದು ನಿಮಿಷದ ಪಾಠ.

ಎಡಿಟಿಂಗ್ ವಿಷಯಕ್ಕೆ ಮಾತ್ರ ಐದು ನಿಮಿಷ ಸಾಲದು. ಸಾಫ್ಟ್‌ವೇರ್ ಹುಡುಗರಿಗೆ ನಮಗಿಂತ ಚೆನ್ನಾಗಿ ಬರುತ್ತದೆ, ಅದನ್ನು ಕಲಿಸುವ ಅಗತ್ಯವೇ ಇಲ್ಲ. ಎಲ್ಲಿ ಕತ್ತರಿಸಬಾರದು ಅನ್ನುವುದನ್ನು ಕಲಿಸಬೇಕು. ಕನ್ನಡದಲ್ಲಿ ಇದು ಇನ್ನೂ ಸೂಕ್ಷ್ಮ. ನಮ್ಮ ಭಾಷೆಯಲ್ಲಿ "ಇಲ್ಲ" ಬರುವುದು ಕೊನೆಗೆ. "ನಾನು ಈ ಯೋಜನೆ ಒಪ್ಪಿದ್ದೇನೆ ಅಂತ ಹೇಳೋಕಾಗಲ್ಲ" ಎಂದು ಒಬ್ಬರು ಹೇಳಿರುತ್ತಾರೆ. ಸಮಯ ಉಳಿಸೋಣ ಎಂದು ಬಾಲ ಕತ್ತರಿಸಿದರೆ "ನಾನು ಈ ಯೋಜನೆ ಒಪ್ಪಿದ್ದೇನೆ" ಉಳಿಯುತ್ತದೆ. ಮನುಷ್ಯ ಹೇಳಿದ್ದಕ್ಕೆ ಪೂರಾ ಉಲ್ಟಾ. ನಾನು ಒಮ್ಮೆ ಇಷ್ಟು ದೊಡ್ಡದಲ್ಲದಿದ್ದರೂ ಹತ್ತಿರ ಹತ್ತಿರ ಇಂಥದ್ದೇ ಒಂದು ಮಾಡಿದ್ದೆ. ಮಾತಿನ ನಡುವಿನ ಒಂದು "ಆದರೆ" ತೆಗೆದಿದ್ದೆ, ಕೇಳೋಕೆ ಅಡ್ಡ ಬರುತ್ತಿದೆ ಅಂತ. ಪ್ರಸಾರಕ್ಕೆ ಮೊದಲೇ ಮೇಡಂ ಮೂಲ ರೆಕಾರ್ಡಿಂಗ್ ಹಾಕಿಸಿ, ಎರಡನ್ನೂ ಒಂದರ ಹಿಂದೆ ಒಂದು ಕೇಳಿಸಿದರು. "ಇವರು ಮನೆಯಲ್ಲಿ ಕೂತು ತಮ್ಮ ಮಾತನ್ನ ತಾವೇ ಕೇಳ್ತಾರೆ, ಆಗ ಇದು ನನ್ನ ಮಾತೇ ಅನ್ನಬೇಕು" ಅಂದರು. ಅಷ್ಟೇ. ಆಮೇಲೆ ನಾನು ಕತ್ತರಿಸಿದ ಪ್ರತಿ ಮಾತಿಗೂ ಆ ಮನುಷ್ಯ ಪಕ್ಕದಲ್ಲಿ ಕೂತಂತೆ ಅನ್ನಿಸುತ್ತದೆ.

ಕಿವಿಗೆ ಬರೆಯುವುದೂ ಹೀಗೇ ಕೇಳಿ ಕೇಳಿ ಬರುವ ವಿದ್ಯೆ. ಪೇಪರ್ ಓದುವವರು ಅರ್ಥವಾಗದಿದ್ದರೆ ಮತ್ತೆ ಮೇಲಿನ ಸಾಲಿಗೆ ಹೋಗುತ್ತಾರೆ. ಕೇಳುವವರಿಗೆ ಹಾಗೆ ಹಿಂದೆ ಹೋಗೋಕಾಗಲ್ಲ. 23,47,891 ಎಂದು ಓದಿದರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ, "ಇಪ್ಪತ್ಮೂರುವರೆ ಲಕ್ಷದ ಹತ್ತಿರ" ಅಂದರೆ ನಿಲ್ಲುತ್ತದೆ. ಒಂದೇ ಉಸಿರಿಗೆ ಓದೋಕಾಗದ ವಾಕ್ಯವನ್ನು ಒಡೆಯಬೇಕು. ಮಹಾಪ್ರಾಣ ಅಕ್ಷರ ಬಂದಾಗ, "ಫ", "ಭ" ಅನ್ನುವಾಗ, ಬಾಯಿಂದ ಹೊರಟ ಗಾಳಿ ನೇರ ಮೈಕಿಗೆ ಬಡಿದು ಡಬ್ ಎಂದು ಸದ್ದಾಗುತ್ತದೆ. ಅದಕ್ಕೇ ಮೈಕಿನಿಂದ ಒಂದು ಚೋಟು ದೂರ, ಸ್ವಲ್ಪ ಪಕ್ಕಕ್ಕೆ ಕೂರುವುದು. ತೀರಾ ಹತ್ತಿರ ಹೋದರೆ ದನಿ ದಪ್ಪವಾಗುತ್ತದೆ. ಹುಡುಗರಿಗೆ ಆ ದಪ್ಪ ದನಿ ಬಹಳ ಇಷ್ಟ, ಅದನ್ನು ಬಿಡಿಸುವುದೇ ಒಂದು ಕೆಲಸ! ಇದನ್ನು ಬಾಯಲ್ಲಿ ಹತ್ತು ಸಲ ಹೇಳಿದರೂ ಆಗುವುದಿಲ್ಲ. ಅವರ ದನಿಯನ್ನು ಅವರಿಗೇ ಕೇಳಿಸಿದರೆ ಒಂದೇ ಸಲಕ್ಕೆ ಆಗುತ್ತದೆ. ತಮ್ಮ ದನಿ ತಮಗೆ ಕೇಳಿದಾಗ ಎಲ್ಲರೂ ಮುಖ ಕಿವುಚುತ್ತಾರೆ. ಮಾತಾಡುವಾಗ ನಮ್ಮ ದನಿ ನಮಗೆ ತಲೆಯ ಮೂಳೆಯ ಮೂಲಕವೂ ಕೇಳುತ್ತಿರುತ್ತದೆ, ರೆಕಾರ್ಡಿಂಗ್‌ನಲ್ಲಿ ಆ ಭಾಗ ಇರುವುದಿಲ್ಲ, ಅದಕ್ಕೇ ಬೇರೆಯವರ ದನಿ ಅನ್ನಿಸುತ್ತದೆ ಎಂದು ಹೇಳಿ ಸಮಾಧಾನ ಮಾಡಿ.

ಕೆಂಪು ದೀಪದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೈಕ್ ಆನ್ ಇದೆ ಎಂದು ತೋರಿಸುವ ಆ ದೀಪ ಉರಿಯಲಿ, ಆರಿರಲಿ, ಮೈಕ್ ಇರುವ ರೂಮಿನಲ್ಲಿ ಆಡುವ ಮಾತು ಹೊರಗೆ ಹೋಗುತ್ತಿದೆ ಎಂದೇ ತಿಳಿಯಬೇಕು. ಆನ್‌ಲೈನ್ ಮೀಟಿಂಗಿನಲ್ಲಿ ಮೈಕ್ ಆರಿಸಲು ಮರೆತು ಬಾಸ್ ಬಗ್ಗೆ ಮಾತಾಡಿದವರ ಕಥೆ ಕೇಳಿದ್ದೇವಲ್ಲ. ಅವರು ರೇಡಿಯೋದಲ್ಲಿ ಇಂಟರ್ನ್ ಆಗಿದ್ದಿದ್ದರೆ ಬಚಾವಾಗುತ್ತಿದ್ದರು.

"ಇಷ್ಟೆಲ್ಲ ಮಾಡೋಕೆ ಯಾರಿಗೆ ಪುರುಸೊತ್ತು?" ಎಂದು ನೀವು ಕೇಳುತ್ತೀರಿ. ನಾನೂ ಒಂಬತ್ತು ದಿನ ಅದನ್ನೇ ಹೇಳಿಕೊಂಡಿದ್ದೆ. ನಿಜ, ಜನ ಕಡಿಮೆಯಾಗಿದ್ದಾರೆ. ನಮ್ಮ ಹಿರಿಯರು ಕಲಿತದ್ದು ನಡುರಾತ್ರಿಯ ಶಿಫ್ಟಿನಲ್ಲಿ. ಕೇಳುವವರು ಕಡಿಮೆ ಇರುವ ಹೊತ್ತು, ತಪ್ಪಿದರೂ ದೊಡ್ಡ ನಷ್ಟವಿಲ್ಲ, ಹೊಸಬರನ್ನು ಬಿಡುತ್ತಿದ್ದರು. ಈಗ ಬಹಳ ಕಡೆ ಆ ಹೊತ್ತನ್ನು ಕಂಪ್ಯೂಟರ್ ನಡೆಸುತ್ತದೆ. ಹಾಡುಗಳ ಪಟ್ಟಿ ಹಾಕಿಟ್ಟರೆ ಬೆಳಗಿನವರೆಗೆ ತಾನೇ ನುಡಿಸುತ್ತದೆ. ಆರ್‌ಜೆಯ ಮಾತನ್ನೂ ಸಂಜೆಯೇ ರೆಕಾರ್ಡ್ ಮಾಡಿ ನಡುನಡುವೆ ಸೇರಿಸಿಡುತ್ತಾರೆ. ಸದ್ದು ನಿಂತರೆ ಅದನ್ನು ಗುರುತಿಸಿ ಬದಲಿ ಹಾಡು ಹಾಕುವ ಯಂತ್ರವೂ ಇದೆ. ಕೇಂದ್ರಕ್ಕೆ ಖರ್ಚು ಉಳಿಯಿತು. ಆದರೆ ಹೊಸಬರು ಸಣ್ಣದಾಗಿ ತಪ್ಪು ಮಾಡೋಕೆ ಇದ್ದ ಜಾಗವೂ ಅದರ ಜೊತೆಗೇ ಹೋಯಿತು. ಈಗ ಇಂಟರ್ನ್ ಏನನ್ನು "ನೋಡ್ತಾ" ಇರಬೇಕು? ಪರದೆಯ ಮೇಲೆ ಪಟ್ಟಿ ಮೇಲಕ್ಕೆ ಸರಿಯುವುದನ್ನೇ?

ಆ ಜಾಗ ನಾವೇ ಮಾಡಿಕೊಡಬೇಕು. ಪ್ರಸಾರಕ್ಕೆ ಬಿಡಲು ಧೈರ್ಯ ಬಾರದಿದ್ದರೆ ಖಾಲಿ ಇರುವ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಒಂದು ಡಮ್ಮಿ ಗಂಟೆ ಮಾಡಿಸಿ. ನಿಜವಾದ ಕ್ಯೂ ಶೀಟು, ನಿಜವಾದ ಗಡಿಯಾರ, ನಡುವೆ ನಿಲ್ಲಿಸಿ ಮತ್ತೆ ಶುರು ಮಾಡುವಂತಿಲ್ಲ. 60 ನಿಮಿಷ ಅಂದರೆ 60 ನಿಮಿಷ. ನೀವು ಇಡೀ ಗಂಟೆ ಜೊತೆಗಿರಬೇಕಾಗಿಲ್ಲ. ಆಮೇಲೆ ಅದರಲ್ಲಿ ಹತ್ತು ನಿಮಿಷ ಕೇಳಿದರೆ ಸಾಕು. ಕೇಳುವಾಗ ನೀವು ಜಾಸ್ತಿ ಮಾತಾಡಬೇಡಿ, ಅವರನ್ನು ಮಾತಾಡಿಸಿ.

ಇನ್ನೊಂದು ಕಡೆಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಕೆಲಸ ಕೊಡಿ ಅಂದೆ ಎಂದು ನೌಕರರ ಕೆಲಸವನ್ನೇ ಇಂಟರ್ನ್ ತಲೆಗೆ ಕಟ್ಟಬೇಡಿ. ವಾರಪೂರ್ತಿ ಶಿಫ್ಟ್ ನೋಡಿಕೊಳ್ಳುವ, ರಜೆಯ ದಿನ ಒಬ್ಬರೇ ಬಂದು ಕೇಂದ್ರ ನಡೆಸುವ ಇಂಟರ್ನ್‌ಗಳನ್ನೂ ನೋಡಿದ್ದೇನೆ. "ಅವರಿಗೆ ಅನುಭವ ಆಗುತ್ತಲ್ಲ" ಅನ್ನುತ್ತೇವೆ. ಅನುಭವ ಆಗುತ್ತದೆ, ನಿಜ. ಆದರೆ ಅದು ಉದ್ಯೋಗ, ಅದಕ್ಕೆ ಸಂಬಳ ಕೊಡಬೇಕು. ಪಕ್ಕದಲ್ಲಿ ತಿದ್ದುವವರು ಒಬ್ಬರಿದ್ದರೆ ಅದನ್ನು ಇಂಟರ್ನ್‌ಶಿಪ್ ಅನ್ನಬಹುದು. ಯಾರೂ ಇಲ್ಲದಿದ್ದರೆ ಅದು ಬಿಟ್ಟಿ ಕೆಲಸ.

ಈಗ ಕಾಲೇಜಿನ ಮೇಷ್ಟ್ರುಗಳಿಗೆ. ನೀವು ಕಳಿಸುವ ಫಾರಂ ನಮ್ಮ ಮೇಜಿನ ಮೇಲೆ ಬರುತ್ತದೆ. ಹಾಜರಾತಿ, ಶಿಸ್ತು, ಸಂವಹನ ಕೌಶಲ, ತಂಡದಲ್ಲಿ ಕೆಲಸ ಮಾಡುವ ಗುಣ. ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ. ನಿಜ ಹೇಳಲಾ? ಕೊನೆಯ ದಿನ ಹುಡುಗರು ಎದುರಿಗೆ ನಿಂತಿರುತ್ತಾರೆ, ನಾವು ಎಲ್ಲದಕ್ಕೂ ಎಂಟು, ಒಂಬತ್ತು ಹಾಕಿ ಸೀಲು ಒತ್ತುತ್ತೇವೆ. ಸರ್ಟಿಫಿಕೇಟಿನಲ್ಲಿ ಅದೇ ನಾಲ್ಕು ಸಾಲು, ಹೆಸರು ಮಾತ್ರ ಬೇರೆ. ನನ್ನ ಸರ್ಟಿಫಿಕೇಟಿನಲ್ಲಿ ಹಿಂದಿನ ವರ್ಷದ ಹುಡುಗನ ಹೆಸರು ಒಂದು ಕಡೆ ಹಾಗೇ ಉಳಿದಿತ್ತು. ಕಾಲೇಜಿನಲ್ಲಿ ಯಾರೂ ಗಮನಿಸಲಿಲ್ಲ!

ಅಂಕ ಕೇಳಬೇಡಿ. ರೆಕಾರ್ಡಿಂಗ್ ಕೇಳಿ. ಮೊದಲ ವಾರದ್ದೊಂದು ಮೂರು ನಿಮಿಷ, ಕೊನೆಯ ವಾರದ್ದೊಂದು ಮೂರು ನಿಮಿಷ. ಹುಡುಗರು ಮೈಕ್ ಮುಂದೆ ಕೂರದಿದ್ದರೆ ಅವರು ಎಡಿಟ್ ಮಾಡಿದ್ದು, ಬರೆದದ್ದು, ಬುಕ್ ಮಾಡಿದ ಅತಿಥಿಯ ಮಾತು, ಯಾವುದಾದರೂ ಸರಿ. ಎರಡನ್ನೂ ತರಗತಿಯಲ್ಲಿ ಹಾಕಿ. ವ್ಯತ್ಯಾಸ ಕೇಳಿಸಿದರೆ ಇಂಟರ್ನ್‌ಶಿಪ್ ಆಗಿದೆ. ಕೇಳಿಸದಿದ್ದರೆ ಅಂಥ ಕೇಂದ್ರಕ್ಕೆ ಮುಂದಿನ ವರ್ಷ ಹುಡುಗರನ್ನು ಕಳಿಸಬೇಡಿ. ನಮ್ಮ ಕೇಂದ್ರಕ್ಕೂ ಸೇರಿಸಿಯೇ ಹೇಳುತ್ತಿದ್ದೇನೆ.

ಫೆಬ್ರವರಿ 13 ವಿಶ್ವ ರೇಡಿಯೋ ದಿನ. 1946ರಲ್ಲಿ ವಿಶ್ವಸಂಸ್ಥೆಯ ರೇಡಿಯೋ ಶುರುವಾದ ದಿನ ಅದು, 2011ರಲ್ಲಿ ಯುನೆಸ್ಕೋ ಅದನ್ನೇ ಆರಿಸಿತು. ಆ ದಿನ ಇಂಟರ್ನ್‌ಗಳನ್ನೆಲ್ಲ ಮೈಕ್ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಮೈಕ್ ಆಫ್ ಆಗಿರುತ್ತದೆ. ಮುಂದಿನ ಸಲ ಅದನ್ನೊಂದು ಆನ್ ಮಾಡಿಕೊಡೋಣವೇ?

ನಮ್ಮ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಹತ್ತನೆಯ ದಿನ ಅವಳನ್ನು ಕುರ್ಚಿಯಿಂದ ಎಬ್ಬಿಸಿ ಬೆಳಗಿನ ಎರಡು ನಿಮಿಷದ ಪ್ರಕಟಣೆಗಳನ್ನು ಬರೆಯುವ ಕೆಲಸ ಕೊಟ್ಟೆ. 6:56ಕ್ಕೆ ಆರ್‌ಜೆ ಅದನ್ನು ಓದಬೇಕು, ಅಂದರೆ 6:50ಕ್ಕೆ ಅವರ ಕೈಯಲ್ಲಿರಬೇಕು. ಮೊದಲ ದಿನ 6:55ಕ್ಕೆ ತಂದಳು, ಓಡುತ್ತಾ. ಎರಡನೆಯ ದಿನ 6:51. ಒಂದು ದಿನ ಹಳೆಯ ಪ್ರಕಟಣೆಯೊಂದನ್ನು ತೆಗೆಯಲು ಮರೆತು, ನಾನು ಕೇಳುವ ಮೊದಲೇ ಬಂದು "ತಪ್ಪು ನನ್ನದೇ, ಏಳು ಗಂಟೆ ವಾರ್ತೆ ಆದ ತಕ್ಷಣ ತಿದ್ದುಪಡಿ ಓದಿಸೋಣವಾ?" ಎಂದು ಕೇಳಿದಳು. ಓದಿಸಿದೆವು. ಈ ಬುದ್ಧಿ ನನಗೆ ಬರೋಕೆ ನಾಲ್ಕು ವರ್ಷ ಹಿಡಿದಿತ್ತು.

ನಾಳೆ ಅವಳೇ ಓದುತ್ತಾಳೆ. 10:30ಕ್ಕೆ ಲಾಗರ್ ಮುಂದೆ ಕೂರುವುದೆಂದು ಮಾತಾಗಿದೆ, ಎರಡು ಹೆಡ್‌ಫೋನ್ ತೆಗೆದಿಟ್ಟಿದ್ದೆ. ಈಗ ಮೂರು ಬೇಕಂತೆ. ಆರ್‌ಜೆಯೂ ಬರುತ್ತಾರೆ. 43 ಅನ್ನುವ ಲೆಕ್ಕವನ್ನು ಅವರು ಸುತಾರಾಂ ಒಪ್ಪುತ್ತಿಲ್ಲ.

ಇಂತಿ,
ಒಂದು ಕಾಲದ ಇಂಟರ್ನ್, ಈಗ ಪ್ರೊಡ್ಯೂಸರ್